ಸಣ್ಣ ಟ್ರಸ್ಟ್‌ಗೆ ಕನ್ಸಲ್ಟೆಂಟ್ ಬೇಕಾ? ಆರು ಲಕ್ಷ ಫೀಸು ಕೇಳಿದ್ದಾರೆ

ವರದಾತೀರ
ಎಲ್ಲರಿಗೂ ನಮಸ್ಕಾರ. ಹಾವೇರಿ ಕಡೆಯ ಒಂದು ಸಣ್ಣ ಟ್ರಸ್ಟ್‌ನಲ್ಲಿ ನಾನು ಟ್ರಸ್ಟಿ. ಹಳ್ಳಿ ಮಕ್ಕಳಿಗೆ ಸಂಜೆ ಓದುವ ಕೇಂದ್ರ ನಡೆಸುತ್ತೇವೆ, ಜೊತೆಗೆ ಓಮ್ನಿ ವ್ಯಾನಿನಲ್ಲಿ ಊರೂರಿಗೆ ಹೋಗುವ ಗ್ರಂಥಾಲಯ. ವರ್ಷದ ಖರ್ಚು ಸುಮಾರು 38 ಲಕ್ಷ. ಸಂಬಳದವರು ಕಮ್ಮಿ. ಉಳಿದವರೆಲ್ಲ ಡಿಗ್ರಿ ಓದುವ ಅದೇ ಊರಿನ ಹುಡುಗ ಹುಡುಗಿಯರು, ಗೌರವಧನ ಕೊಡುತ್ತೇವೆ.

ಶುರು ಮಾಡಿದವರು ನಮ್ಮ ಮೇಷ್ಟ್ರು, ನಿವೃತ್ತ ಹೈಸ್ಕೂಲ್ ಶಿಕ್ಷಕರು. ಎಪ್ಪತ್ತು ದಾಟಿದೆ. ಯಾವ ದಾನಿಗೆ ಯಾವಾಗ ಫೋನ್ ಮಾಡಬೇಕು, ಯಾರ ಹತ್ತಿರ ದುಡ್ಡು ಕೇಳಬಹುದು, ಯಾರ ಹತ್ತಿರ ಪುಸ್ತಕ ಮಾತ್ರ ಕೇಳಬೇಕು, ಎಲ್ಲ ಅವರ ತಲೆಯಲ್ಲೇ ಇದೆ. ಕಳೆದ ವರ್ಷ ಅವರಿಗೆ ಬೈಪಾಸ್ ಆಯಿತು. ಚೆಕ್‌ಗೆ ಸಹಿ ಹಾಕುವವರಿಲ್ಲದೆ ಸಂಬಳ ನಿಂತಿತು. ಅದೇ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಹಣ ಕೊಡುತ್ತಿದ್ದ ಕಂಪನಿ, ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹಣ) ಅವಧಿ ಮುಗೀತು ಅಂತ ಕೈಬಿಟ್ಟಿತು.

ಈಗ ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರು ಬಂದು ನೋಡಿ ಹೋಗಿದ್ದಾರೆ. ಎಂಟು ತಿಂಗಳ ಕೆಲಸ. ಮೇಷ್ಟ್ರ ನಂತರದವರನ್ನು ತಯಾರು ಮಾಡುವುದು, ಟ್ರಸ್ಟಿಗಳನ್ನು ಕೆಲಸಕ್ಕೆ ಹಚ್ಚುವುದು, ದೇಣಿಗೆ ಎತ್ತುವ ಯೋಜನೆ ಮಾಡಿಕೊಡುವುದು. ಫೀಸು 6 ಲಕ್ಷ, ಜಿಎಸ್‌ಟಿ ಬೇರೆ. ಅಷ್ಟು ಆಗದಿದ್ದರೆ 2 ಲಕ್ಷ ಕೊಡಿ, ಮುಂದೆ ಬರುವ ದೇಣಿಗೆಯಲ್ಲಿ 10 ಪರ್ಸೆಂಟ್ ಕೊಡಿ ಅಂದರು. ಟ್ರಸ್ಟಿಗಳಲ್ಲಿ ಎರಡು ಗುಂಪಾಗಿದೆ. ಒಬ್ಬರು "ಆ ದುಡ್ಡಲ್ಲಿ ಇನ್ನೆರಡು ಊರಲ್ಲಿ ಕೇಂದ್ರ ತೆಗೀಬಹುದು" ಅಂತ ಮೀಟಿಂಗಿನಿಂದ ಎದ್ದೇ ಹೋದರು. ಈ ಕೆಲಸ ಮಾಡಿಸಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಬಡ್ಡಿಬಸವ
ಬೇಡ. ಮುಂದಿನ ಪ್ರಶ್ನೆ?

ಲೆಕ್ಕದಹುಳ
ನಾನು ಸಿಎ, ಹತ್ತಾರು ಟ್ರಸ್ಟ್‌ಗಳ ಆಡಿಟ್ ಮಾಡುತ್ತೇನೆ. ಮೊದಲು ದುಡ್ಡಿನ ವಿಷಯ. 6 ಲಕ್ಷಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 7 ಲಕ್ಷದ 8 ಸಾವಿರ. ಕಂಪನಿಗಳಿಗೆ ಸಿಗುವ ಹಾಗೆ ನಿಮಗೆ ಆ ತೆರಿಗೆ ವಾಪಸ್ ಸಿಗಲ್ಲ. ಫೀಸು ಕೊಡುವಾಗ 10 ಪರ್ಸೆಂಟ್ ಟಿಡಿಎಸ್ ಹಿಡಿಯಬೇಕು, ಮರೆಯಬೇಡಿ.

ಆ ಪರ್ಸೆಂಟ್ ದಾರಿಗೆ ಮಾತ್ರ ದಯವಿಟ್ಟು ಹೋಗಬೇಡಿ. ಕಾನೂನಿನಲ್ಲಿ ನೇರವಾಗಿ ಬೇಡ ಅಂತಿಲ್ಲ. ಆದರೆ ದೇಣಿಗೆ ಎತ್ತುವವರ ಅಂತರರಾಷ್ಟ್ರೀಯ ಸಂಘ ಎಎಫ್‌ಪಿ ಇದೆಯಲ್ಲ, ಅದರ ನೀತಿಸಂಹಿತೆಯಲ್ಲೇ ಸದಸ್ಯರು ದೇಣಿಗೆಯ ಇಂತಿಷ್ಟು ಪಾಲು ಅಂತ ಸಂಭಾವನೆ ತಗೊಳ್ಳಬಾರದು ಅಂತಿದೆ. ಕಾರಣ ಸುಲಭ. ಇಪ್ಪತ್ತು ವರ್ಷದಿಂದ ಕೊಡುತ್ತಿರುವ ದಾನಿ ಈ ವರ್ಷವೂ ಒಂದು ಲಕ್ಷ ಕೊಟ್ಟರೆ ಅದರಲ್ಲಿ 10 ಸಾವಿರ ಕನ್ಸಲ್ಟೆಂಟ್‌ಗಾ? ಅದು ಯಾರು ತಂದ ದುಡ್ಡು? ಈ ಜಗಳ ಆರು ತಿಂಗಳಲ್ಲಿ ಬಂದೇ ಬರುತ್ತೆ. ಗೊತ್ತಾದರೆ ದಾನಿ ಸುಮ್ನೆ ಇರ್ತಾರಾ?

ಬಡ್ಡಿಬಸವ
ಕಮಿಷನ್ ಬೇಡ ಅಂದ್ರೆ ಅವರು ಯಾಕೆ ಕಷ್ಟಪಡ್ತಾರೆ ಸ್ವಾಮಿ? ದುಡ್ಡು ತಂದರೆ ದುಡ್ಡು. ಅದೇ ನ್ಯಾಯ.

ಲೆಕ್ಕದಹುಳ
ಸೈಟು ಮಾರುವುದಕ್ಕೆ ಆ ನ್ಯಾಯ ಸರಿ.

ಹಳೇಸಿಎಸ್‌ಆರ್
ಒಂದು ಕಂಪನಿಯ ಸಿಎಸ್‌ಆರ್ ವಿಭಾಗದಲ್ಲಿ ಕೂತು ಇಂಥ ಅರ್ಜಿಗಳನ್ನು ಓದುತ್ತಿದ್ದವನು ನಾನು. ಮೇಜಿನ ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ.

2014ರ ಏಪ್ರಿಲ್‌ನಿಂದ ಸಿಎಸ್‌ಆರ್ ಕಡ್ಡಾಯ ಆಯಿತು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ, ಇದರಲ್ಲಿ ಯಾವುದಾದರೂ ಒಂದು ದಾಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಪರ್ಸೆಂಟ್ ಖರ್ಚು ಮಾಡಬೇಕು. ಹಾಗಾಗಿ ದುಡ್ಡು ಇದೆ. ಆದರೆ ಅದು ದಾನ ಅಲ್ಲ, ಆಡಿಟ್ ಆಗುವ ಖರ್ಚು. ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ಹಣ ಪಡೆಯೋಕೆ ಬೇಕಾದದ್ದು), 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ರಿಯಾಯಿತಿ), ಮೂರು ವರ್ಷದ ಆಡಿಟ್ ವರದಿ, ಇಷ್ಟು ನೋಡಿದ ಮೇಲೆ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ ಇದೇ: "ಸಂಸ್ಥಾಪಕರು ನಾಳೆ ಇಲ್ಲದಿದ್ದರೆ?" ಉತ್ತರ ತಡವರಿಸಿದರೆ ಕಡತ ಕೆಳಗೆ ಹೋಗುತ್ತಿತ್ತು.

ಇನ್ನೊಂದು. ಕನ್ಸಲ್ಟೆಂಟ್ ಬರೆದ ಅರ್ಜಿ ಎರಡನೇ ಪುಟಕ್ಕೇ ಗೊತ್ತಾಗುತ್ತಿತ್ತು. ಸಬಲೀಕರಣ, ಸುಸ್ಥಿರತೆ, ಸಮಗ್ರ ಅಂತ ಸಾಲು ಸಾಲು. ಫೀಲ್ಡಿನಲ್ಲಿ ಇರುವವರಿಗೆ ಒಂದು ಫೋನ್ ಮಾಡಿ "ಮೊನ್ನೆ ಸೋಮವಾರ ಎಷ್ಟು ಮಕ್ಕಳು ಬಂದಿದ್ದರು" ಅಂತ ಕೇಳುತ್ತಿದ್ದೆ. ಥಟ್ಟಂತ ಉತ್ತರ ಬಂದರೆ ಅರ್ಜಿ ಮತ್ತೆ ಮೇಲೆ ಬರುತ್ತಿತ್ತು. ಅರ್ಜಿ ಬರೆಸುವುದಕ್ಕೆ ದುಡ್ಡು ಕೊಡಬೇಡಿ. ಜನರನ್ನು ತಯಾರು ಮಾಡುವುದಕ್ಕೆ ಕೊಡಿ.

ತುಂಗಾಪಾನ
ನಾನು ಹೊಟ್ಟೆಪಾಡಿಗೆ ಮಾಡುವುದೇ ಈ ಕೆಲಸ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡೇ ಓದಿ.

ವರದಾತೀರ ಅವರೇ, ನಿಮಗೆ ಇರುವುದು ದುಡ್ಡಿನ ತೊಂದರೆ ಅಲ್ಲ. ದುಡ್ಡು ಕೇಳುವವರು ಒಬ್ಬರೇ ಇರುವುದು ತೊಂದರೆ. ಹೊರಗಿನಿಂದ ಬಂದವರು ಎಷ್ಟೇ ಚೆನ್ನಾಗಿ ಮಾತಾಡಲಿ, ಹಾವೇರಿಯ ಒಬ್ಬ ಅಡತಿ ವ್ಯಾಪಾರಿ ಅವರ ಮುಖ ನೋಡಿ ದುಡ್ಡು ಕೊಡಲ್ಲ. ಮೇಷ್ಟ್ರ ಮುಖ ನೋಡಿ ಕೊಡುತ್ತಾರೆ. ಅದನ್ನು ಇನ್ನಿಬ್ಬರು ಮೂವರಿಗೆ ದಾಟಿಸುವುದೇ ಕೆಲಸ.

ನಾನು ಮೊದಲ ತಿಂಗಳು ಮಾಡುವುದು ಇಷ್ಟೇ. ಸಂಸ್ಥಾಪಕರ ಪಕ್ಕ ಕೂತು ಒಬ್ಬೊಬ್ಬ ದಾನಿಯ ಹೆಸರು ಹೇಳಿಸುತ್ತೇನೆ. ಹೇಗೆ ಪರಿಚಯ, ಕೊನೆಗೆ ಯಾವಾಗ ಎಷ್ಟು ಕೊಟ್ಟರು, ಆಮೇಲೆ ಯಾರು ಮಾತಾಡಿಸಿದರು, ಮುಂದೆ ಯಾರು ಮಾತಾಡಿಸಬೇಕು. ಎಕ್ಸೆಲ್‌ನಲ್ಲಿ ಐದು ಕಾಲಂ, ಅಷ್ಟೇ. ಒಂದು ಕಡೆ ಹೀಗೆ ಕೂತಾಗ, ಹಳೆಯ ದಾನಿಗಳಲ್ಲಿ ಅರ್ಧ ಜನಕ್ಕೆ ರಸೀದಿ ಬಿಟ್ಟರೆ ಒಂದು ಕಾಗದವೂ ಹೋಗಿರಲಿಲ್ಲ ಅನ್ನುವುದು ಗೊತ್ತಾಯಿತು. "ನಿಮ್ಮ ದುಡ್ಡಲ್ಲಿ ತಂದ ಪುಸ್ತಕ ಇವು, ಈ ಹುಡುಗಿ ಇದನ್ನು ಓದಿದಳು" ಅಂತ ಒಂದು ವಾಟ್ಸಾಪ್ ಸಾಕಿತ್ತು. ಎರಡನೇ ತಿಂಗಳಿಂದ ಸಂಸ್ಥಾಪಕರು ದಾನಿಯ ಮನೆಗೆ ಹೋಗುವಾಗಲೆಲ್ಲ ಮುಂದಿನವರೂ ಜೊತೆಗೆ ಹೋಗಬೇಕು. ಮೊದಮೊದಲು ಸುಮ್ಮನೆ ಕೂತಿರಲಿ, ಮೂರನೇ ಭೇಟಿಯಲ್ಲಿ ಅವರೇ ಮಾತಾಡಲಿ.

ಹತ್ತು ಪರ್ಸೆಂಟ್ ಬಗ್ಗೆ ಲೆಕ್ಕದಹುಳ ಹೇಳಿದ್ದಕ್ಕೆ ನನ್ನದೂ ಸಹಿ. ಅದನ್ನು ಅವರಾಗಿಯೇ ಮುಂದಿಟ್ಟರು ಅಂದರೆ ನನಗೆ ಸ್ವಲ್ಪ ಅನುಮಾನ.

ಮೈಸೂರ್‌ಮಲ್ಲಿಗೆ
ಐದು ಕಾಲಂ ಎಕ್ಸೆಲ್‌ಗೆ ಆರು ಲಕ್ಷ! ನಾನು ಓದಿದ್ದು ತಪ್ಪಾಯ್ತು, ಇದನ್ನೇ ಓದಬೇಕಿತ್ತು.

ತುಂಗಾಪಾನ
ಕಾಲಂ ನಿಮಗೂ ಹಾಕೋಕೆ ಬರುತ್ತೆ. ಮೇಷ್ಟ್ರನ್ನು ಕೂರಿಸೋಕೆ ಬರುತ್ತಾ? :)

ಗುಡ್ಡದಹೂ
ನಾನು ಬೇರೆ ಜಿಲ್ಲೆಯ ಒಂದು ಸಂಸ್ಥೆಯಲ್ಲಿ "ಎರಡನೇ ಸಾಲು", ಅಂದರೆ ಹಿರಿಯರ ನಂತರ ಹೊಣೆ ಹೊರಬೇಕಾದವಳು, ಆಗಿದ್ದೆ. ಅಲ್ಲಿಗೂ ಕನ್ಸಲ್ಟೆಂಟ್ ಬಂದರು. ರೆಸಾರ್ಟಿನಲ್ಲಿ ಎರಡು ದಿನ ಶಿಬಿರ, ಗೋಡೆ ತುಂಬ ಬಣ್ಣದ ಚೀಟಿ, ನಿಮ್ಮ ಕನಸಿನ ಸಂಸ್ಥೆ ಬಿಡಿಸಿ ಅಂತ ಸ್ಕೆಚ್ ಪೆನ್ ಕೊಟ್ಟರು. ಅದಾದ ಮೇಲೆ ನನಗೆ ಕಾರ್ಯನಿರ್ವಾಹಕಿ ಅಂತ ಪದವಿ ಬಂತು, ವಿಸಿಟಿಂಗ್ ಕಾರ್ಡೂ ಬಂತು. ಆದರೆ 500 ರೂಪಾಯಿ ವೋಚರ್‌ಗೂ ಹಿರಿಯರ ಸಹಿ ಬೇಕಿತ್ತು. ನಾನು ಬೇಡ ಅಂದ ಹುಡುಗನನ್ನು ಅವರು ಕೆಲಸಕ್ಕೆ ತಗೊಂಡರು. ದಾನಿಗಳ ಮೀಟಿಂಗಿನಲ್ಲಿ ಚಹಾ ತರಿಸುವುದು ನನ್ನ ಕೆಲಸ. ಬಿಟ್ಟು ಬಂದೆ.

ಹಾಗಾಗಿ ಕನ್ಸಲ್ಟೆಂಟ್‌ಗೆ ಬರೆದುಕೊಡುವ ಒಪ್ಪಂದದಲ್ಲಿ ತರಬೇತಿ ಎಷ್ಟು ದಿನ ಅಂತ ನೋಡಬೇಡಿ. ಚೆಕ್ ಸಹಿ ಯಾರಿಗೆ ಬರುತ್ತೆ, ಎಷ್ಟು ಮೊತ್ತದವರೆಗೆ ಕೇಳದೆ ಖರ್ಚು ಮಾಡಬಹುದು, ಕೆಲಸಕ್ಕೆ ತಗೊಳ್ಳುವ ಬಿಡಿಸುವ ಮಾತು ಯಾರದು, ಇವನ್ನು ಟ್ರಸ್ಟಿಗಳು ಬರೆದುಕೊಡಲಿ. ಅದನ್ನು ಬರೆಯೋಕೆ ಆಗದಿದ್ದರೆ 7 ಲಕ್ಷ ಉಳಿಸಿಕೊಳ್ಳಿ.

ವರದಾತೀರ
ಗುಡ್ಡದಹೂ ಅವರೇ, ಇದನ್ನು ಪ್ರಿಂಟ್ ತೆಗೆದು ಮೀಟಿಂಗಿಗೆ ಒಯ್ಯುತ್ತೇನೆ. ನಮ್ಮಲ್ಲೂ ಒಬ್ಬ ಸಂಯೋಜಕಿ ಇದ್ದಾಳೆ. ನಮ್ಮದೇ ಕೇಂದ್ರದಲ್ಲಿ ಓದಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದವಳು. ವ್ಯಾನು ಕೆಟ್ಟು ನಿಂತರೆ ಮೆಕ್ಯಾನಿಕ್‌ನನ್ನು ಕರೆಸುವುದೂ ಅವಳೇ, ಪಂಚಾಯಿತಿಯಲ್ಲಿ ಕೋಣೆ ಕೇಳುವುದೂ ಅವಳೇ. ಆದರೆ ಟ್ರಸ್ಟಿಗಳ ಮೀಟಿಂಗಿಗೆ ಇದುವರೆಗೆ ಕರೆದಿಲ್ಲ.

ಗುಡ್ಡದಹೂ
ಕರೆದಿಲ್ಲವಾ! ಮೊದಲು ಅವಳಿಗೊಂದು ಕುರ್ಚಿ ಹಾಕಿ. ಅದಕ್ಕೆ ಜಿಎಸ್‌ಟಿ ಇಲ್ಲ.

ಕೋಟೆಬೀದಿ
ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಯಾವ ಕನ್ಸಲ್ಟೆಂಟೂ ಇರಲಿಲ್ಲ. ಟ್ಯೂಬ್‌ಲೈಟಿನ ಪಟ್ಟಿ ಮೇಲೆ, ಫ್ಯಾನಿನ ರೆಕ್ಕೆ ಮೇಲೆ, ಸ್ಟೀಲ್ ಬಾಗಿಲ ಮೇಲೆ ಎಲ್ಲ ಕಡೆ "ಇವರ ಸ್ಮರಣಾರ್ಥ" ಅಂತ ಬರೆಸಿದರು. ಊರು ತುಂಬ ದುಡ್ಡು ಬಂತು. ಜನಕ್ಕೆ ಹೆಸರು ಬೇಕು, ಅಷ್ಟೇ.

ಬಡ್ಡಿಬಸವ
ಫ್ಯಾನ್ ತಿರುಗುವಾಗ ಹೆಸರು ಓದೋಕಾಗಲ್ಲ ಅಂತ ನಮ್ಮ ದೊಡ್ಡಪ್ಪ ಫ್ಯಾನ್ ಆಫ್ ಮಾಡಿಸುತ್ತಿದ್ದರು.

ಹಳೇಸಿಎಸ್‌ಆರ್
ಕೋಟೆಬೀದಿ, ಫ್ಯಾನಿಗೆ ದುಡ್ಡು ಸಿಗುತ್ತೆ. ಕರೆಂಟ್ ಬಿಲ್ಲಿಗೆ ಸಿಗಲ್ಲ. ಎಲ್ಲ ಸಂಸ್ಥೆಗಳ ಗೋಳೂ ಇದೇ. ಪುಸ್ತಕ, ಬೆಂಚು, ಕಂಪ್ಯೂಟರ್‌ಗೆ ಕೊಡುವವರು ಇದ್ದಾರೆ. ಅಕೌಂಟೆಂಟ್ ಸಂಬಳಕ್ಕೆ ಯಾರೂ ಕೊಡಲ್ಲ. ನಾವೂ ಕೊಡುತ್ತಿರಲಿಲ್ಲ. ಆಡಳಿತ ವೆಚ್ಚ ಅಂದರೆ ಮೇಲಿನವರು ಮುಖ ಸಿಂಡರಿಸುತ್ತಿದ್ದರು. ಈ ಕನ್ಸಲ್ಟೆಂಟ್ ಫೀಸು ಎಲ್ಲಿಂದ ಕೊಡುತ್ತೀರಿ ಅನ್ನುವುದೂ ಅದೇ ಪ್ರಶ್ನೆ ಅಲ್ವಾ? ಮಕ್ಕಳ ಪುಸ್ತಕಕ್ಕೆ ಅಂತ ಬಂದ ದುಡ್ಡನ್ನು ಇದಕ್ಕೆ ಮುಟ್ಟಬೇಡಿ. ಯಾರಾದರೂ ಒಬ್ಬ ಹಳೆಯ ದಾನಿಯನ್ನು "ಇದಕ್ಕೇ ಕೊಡಿ" ಅಂತ ನೇರವಾಗಿ ಕೇಳಿ. ಕೊಡುವವರು ಇರುತ್ತಾರೆ.

ಫ್ರೀಮಾಂಟ್‌ರೊಟ್ಟಿ
ಕ್ಯಾಲಿಫೋರ್ನಿಯಾದಿಂದ ನಮಸ್ಕಾರ. ಇಷ್ಟೆಲ್ಲ ಯಾಕೆ? ಇಲ್ಲಿ ಕನ್ನಡ ಕೂಟಗಳಿವೆ, ಹಾವೇರಿ, ಧಾರವಾಡ ಕಡೆಯವರು ಬೇಕಾದಷ್ಟು ಇದ್ದೇವೆ. ಬ್ಯಾಂಕ್ ಅಕೌಂಟ್ ನಂಬರ್ ಹಾಕಿ. ಹತ್ತು ಜನ ಸೇರಿದರೆ ಆಯ್ತು.

ಲೆಕ್ಕದಹುಳ
ಅಕೌಂಟ್ ನಂಬರ್ ಹಾಕಬೇಡಿ! ಹಾಕಬೇಡಿ! ಸಾರ್, ನಿಮ್ಮ ಮನಸ್ಸು ದೊಡ್ಡದು, ಆದರೆ ನಿಮ್ಮ ಪಾಸ್‌ಪೋರ್ಟ್ ಯಾವುದು ಅನ್ನುವುದರ ಮೇಲೆ ಇವರ ಟ್ರಸ್ಟ್‌ನ ಭವಿಷ್ಯ ನಿಂತಿದೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತಗೊಂಡವರು ಕಳಿಸಿದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದೆ ಮುಟ್ಟುವ ಹಾಗಿಲ್ಲ.

ನೋಂದಣಿಗೆ ಮೂರು ವರ್ಷ ಹಳೆಯ ಸಂಸ್ಥೆ ಆಗಿರಬೇಕು, ಆ ಮೂರು ವರ್ಷದಲ್ಲಿ ಉದ್ದೇಶದ ಕೆಲಸಕ್ಕೆ 15 ಲಕ್ಷ ಖರ್ಚಾಗಿರಬೇಕು. ಅದು ಇವರಿಗೆ ಇದೆ. ಆದರೆ 2020ರ ತಿದ್ದುಪಡಿ ಆದ ಮೇಲೆ ಹಣ ಮೊದಲು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ 20 ಪರ್ಸೆಂಟ್ ದಾಟಬಾರದು. ಮೊದಲು ಅದು 50 ಇತ್ತು. ಇದನ್ನು ನೋಡಿಕೊಳ್ಳೋಕೆ ಒಬ್ಬ ಒಳ್ಳೆ ಅಕೌಂಟೆಂಟ್ ಬೇಕು, ಮತ್ತೆ ಅದೇ ಸಂಬಳದ ಪ್ರಶ್ನೆ.

ಫ್ರೀಮಾಂಟ್‌ರೊಟ್ಟಿ
ಅಬ್ಬಾ. ನಮ್ಮ ಮನೆಯಲ್ಲಿ ನನ್ನದು ಅಮೆರಿಕದ್ದು, ಹೆಂಡತಿಯದು ಇನ್ನೂ ಭಾರತದ್ದೇ. ಅವಳ ಉಳಿತಾಯದಿಂದ ಕಳಿಸಬಹುದು ಅಂದ ಹಾಗಾಯ್ತು. ಅವಳ ಒಪ್ಪಿಗೆ ಪಡೆಯೋಕೆ ಕನ್ಸಲ್ಟೆಂಟ್ ಯಾರಾದರೂ ಇದ್ದಾರಾ?

ಮೈಸೂರ್‌ಮಲ್ಲಿಗೆ
ಸಮಾಜಸೇವೆಯ ಸಂಸ್ಥೆಗಳು ಹಣ ಎತ್ತೋಕೆ ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಅಂತ ಬಂದಿದೆಯಲ್ಲ, ಅಲ್ಲಿ ಎತ್ತಬಹುದಲ್ವಾ? ಪೇಪರಲ್ಲಿ ಓದಿದ್ದೆ.

ಲೆಕ್ಕದಹುಳ
ಅಲ್ಲಿ ಮೊದಲು ಲಿಸ್ಟ್ ಆಗಿದ್ದು ನಮ್ಮ ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್, 2023ರ ಡಿಸೆಂಬರ್‌ನಲ್ಲಿ. ಒಳ್ಳೆಯ ದಾರಿನೇ. ಆದರೆ ನೋಂದಣಿಗೆ ವರ್ಷಕ್ಕೆ ಕನಿಷ್ಠ 50 ಲಕ್ಷ ಖರ್ಚು ಮಾಡುವ ಸಂಸ್ಥೆ ಆಗಿರಬೇಕು ಅಂತ ಷೇರುಪೇಟೆ ನಿಯಂತ್ರಿಸುವ ಸೆಬಿ ನಿಯಮ ಮಾಡಿತ್ತು. ಇವರದು 38. ಸದ್ಯಕ್ಕೆ ಮರೆತುಬಿಡಿ.

ತುಂಗಾಪಾನ
ದೂರ ದೂರ ಹೋಗುತ್ತಿದ್ದೇವೆ. ವರದಾತೀರ ಅವರೇ, ನಿಮ್ಮ ಕೇಂದ್ರದಲ್ಲಿ ಓದಿ ಕೆಲಸಕ್ಕೆ ಸೇರಿದವರು ಈಗ ಎಲ್ಲಿದ್ದಾರೆ? ಪಟ್ಟಿ ಇದೆಯಾ?

ವರದಾತೀರ
ಬೆಂಗಳೂರು, ಹುಬ್ಬಳ್ಳಿಯಲ್ಲಿ ಬಹಳ ಜನ ಇದ್ದಾರೆ. ಪೊಲೀಸ್ ಇದ್ದಾರೆ, ನರ್ಸ್ ಇದ್ದಾರೆ, ಐಟಿಯವರೂ ಇದ್ದಾರೆ. ದಸರೆಗೆ, ಯುಗಾದಿಗೆ ಊರಿಗೆ ಬಂದಾಗ ಮೇಷ್ಟ್ರ ಕಾಲಿಗೆ ಬಿದ್ದು ಹೋಗುತ್ತಾರೆ. ಪಟ್ಟಿ ಅಂತ ಇಲ್ಲ. ಹಾಜರಿ ಪುಸ್ತಕಗಳಿವೆ.

ತುಂಗಾಪಾನ
ಕಾಲಿಗೆ ಬಿದ್ದವರನ್ನು ತಿಂಗಳಿಗೆ 300 ರೂಪಾಯಿ ಯಾಕೆ ಕೇಳಿಲ್ಲ? ಯುಪಿಐನಲ್ಲಿ ಆಟೋಪೇ ಇಟ್ಟರೆ ತಾನಾಗಿ ಬರುತ್ತೆ. 300 ಜನ ಸೇರಿದರೆ ವರ್ಷಕ್ಕೆ 10 ಲಕ್ಷದ 80 ಸಾವಿರ. ಒಂದು ಕಂಪನಿ ಕೈಬಿಟ್ಟರೆ ಅರ್ಧ ಹೋಗುತ್ತೆ, ಇದರಲ್ಲಿ ಹತ್ತು ಜನ ಬಿಟ್ಟರೆ ಗೊತ್ತೂ ಆಗಲ್ಲ. ಹಾಜರಿ ಪುಸ್ತಕ ಹಿಡಿದುಕೊಂಡು ನಿಮ್ಮ ಸಂಯೋಜಕಿ, ಇಬ್ಬರು ಹಳೆ ವಿದ್ಯಾರ್ಥಿಗಳು ಕೂರಲಿ. ಅಕ್ಟೋಬರ್ 2ರಿಂದ 8ರವರೆಗೆ ದೇಶದ ತುಂಬ ದಾನ ಉತ್ಸವ ಅಂತ ಕೊಡುಗೆಯ ವಾರ ನಡೆಯುತ್ತೆ, ಆ ವಾರ ಕೇಳುವುದಕ್ಕೆ ಒಂದು ನೆಪವೂ ಸಿಗುತ್ತೆ. ಇದಕ್ಕೆ ಕನ್ಸಲ್ಟೆಂಟ್ ಬೇಡ. ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಳ್ತಿದ್ದೀನಿ ನೋಡಿ.

ಕೋಟೆಬೀದಿ
ಮೇಷ್ಟ್ರು ಕೇಳಲ್ಲ. ನಮ್ಮ ಕಡೆಯ ಹಳೇ ಮೇಷ್ಟ್ರುಗಳು ಶಿಷ್ಯರ ಹತ್ತಿರ ಕೈ ಚಾಚಲ್ಲ.

ವರದಾತೀರ
ಹೌದು, ಅದೇ. "ನಾನು ಕಲಿಸಿದ್ದಕ್ಕೆ ಬಿಲ್ ಕಳಿಸಿದ ಹಾಗಾಗುತ್ತೆ" ಅಂದರು ಒಮ್ಮೆ.

ಗುಡ್ಡದಹೂ
ಅದಕ್ಕೇ ಅವರು ಕೇಳಬಾರದು. ಸಂಯೋಜಕಿ ಕೇಳಲಿ. ಅವಳೂ ಅಲ್ಲೇ ಓದಿದವಳು ತಾನೇ? ಅಕ್ಕ ತಮ್ಮನನ್ನು ಕೇಳಿದ ಹಾಗೆ.

ಲೆಕ್ಕದಹುಳ
ಸಣ್ಣ ದೇಣಿಗೆ ಅಂದರೆ ರಸೀದಿ ಜಾಸ್ತಿ, ಇದನ್ನೂ ಬರೆದುಕೊಳ್ಳಿ. 80ಜಿ ಕೊಡುವುದಾದರೆ ಮೇ 31ರೊಳಗೆ ದಾನಿಗಳ ವಿವರವನ್ನು ತೆರಿಗೆ ಇಲಾಖೆಗೆ ಸಲ್ಲಿಸಬೇಕು, ಆಮೇಲೆ ಎಲ್ಲರಿಗೂ ದೇಣಿಗೆಯ ಪ್ರಮಾಣಪತ್ರ. ಪ್ಯಾನ್ ಅಥವಾ ಆಧಾರ್ ಮೊದಲೇ ತಗೊಂಡಿರಿ. ನಗದು 2000 ದಾಟಿದರೆ ದಾನಿಗೆ ರಿಯಾಯಿತಿ ಸಿಗಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ಸಂಬಳದವರಿಗಂತೂ 80ಜಿ ರಿಯಾಯಿತಿಯೇ ಇಲ್ಲ. ಹಾಗಾಗಿ ಟ್ಯಾಕ್ಸ್ ಉಳಿಯುತ್ತೆ ಅಂತ ಕೇಳಬೇಡಿ, ಪುಸ್ತಕ ತೋರಿಸಿ ಕೇಳಿ.

ಬಡ್ಡಿಬಸವ
ಒಂದು ಅನುಮಾನ. ಈ ಕನ್ಸಲ್ಟೆಂಟ್‌ನ ಕರ್ಕೊಂಡು ಬಂದವರು ಯಾರು?

ವರದಾತೀರ
ಮೇಷ್ಟ್ರ ಮಗ. ಪುಣೆಯಲ್ಲಿದ್ದಾರೆ, ಅವರೂ ಟ್ರಸ್ಟಿ. ಕನ್ಸಲ್ಟೆಂಟ್ ಅವರ ಕಾಲೇಜು ಗೆಳೆಯರು.

ಬಡ್ಡಿಬಸವ
ಹಹ್ಹಾ. ನಾನು ಮೊದಲೇ ಬೇಡ ಅಂದಿದ್ದೆ.

ಹಳೇಸಿಎಸ್‌ಆರ್
ಗೆಳೆಯ ಅಂದ ಮಾತ್ರಕ್ಕೆ ಕೆಟ್ಟವರು ಅಂತಲ್ಲ. ನಮ್ಮ ಕಡೆ ಒಳ್ಳೆ ಡಾಕ್ಟರೂ ಯಾರದೋ ಗೆಳೆಯರ ಮೂಲಕವೇ ಸಿಗುವುದು. ಆದರೆ ಇನ್ನಿಬ್ಬರಿಂದ ಕೊಟೇಶನ್ ತಗೊಳ್ಳಿ. ಅವರು ಈ ಹಿಂದೆ ಕೆಲಸ ಮಾಡಿದ ಮೂರು ಸಂಸ್ಥೆಗಳ ನಂಬರ್ ಕೇಳಿ. ಮುಖ್ಯಸ್ಥರನ್ನು ಬಿಟ್ಟು ಅಲ್ಲಿನ ಅಕೌಂಟೆಂಟ್‌ಗೆ ಫೋನ್ ಮಾಡಿ. ಅವರು ಹೋದ ಒಂದು ವರ್ಷದ ಮೇಲೆ ಏನು ಉಳಿದಿದೆ ಅಂತ ಕೇಳಿ.

ಲೆಕ್ಕದಹುಳ
ಗೆಳೆಯರಾದರೆ ಕಾನೂನಿನ ತೊಡಕಿಲ್ಲ. ಟ್ರಸ್ಟಿಯ ಸಂಬಂಧಿ ಆಗಿದ್ದು, ಮಾರುಕಟ್ಟೆ ದರಕ್ಕಿಂತ ಜಾಸ್ತಿ ಕೊಟ್ಟರೆ ಆದಾಯ ತೆರಿಗೆ ಕಾನೂನು ಅಡ್ಡ ಬರುತ್ತಿತ್ತು, ಟ್ರಸ್ಟ್‌ನ ತೆರಿಗೆ ವಿನಾಯಿತಿಗೇ ಪೆಟ್ಟು. ಆದರೂ ಪರಿಚಯದ ವಿಷಯ ನಡಾವಳಿಯಲ್ಲಿ ಬರೆಯಿರಿ. ಆ ಠರಾವಿಗೆ ಮಗ ಮತ ಹಾಕದಿರಲಿ.

ಕೋಟೆಬೀದಿ
ಮಗನಿಗೇ ಪಟ್ಟ ಕಟ್ಟುವ ಏರ್ಪಾಡು ಇದು ಅಂತ ನನಗನ್ನಿಸುತ್ತೆ. ತಪ್ಪಾದರೆ ಕ್ಷಮಿಸಿ.

ವರದಾತೀರ
ಇಲ್ಲ ಸಾರ್. ಅವರಿಗೆ ಪುಣೆ ಬಿಡುವ ಮನಸ್ಸಿಲ್ಲ. ಅಪ್ಪನ ಆರೋಗ್ಯದ ಚಿಂತೆ, ಅಷ್ಟೇ.

ತುಂಗಾಪಾನ
ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರು ಗೆಳೆಯರ ಜೊತೆ 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅನ್ನುವ ಸೇವಾಸಂಸ್ಥೆ ಕಟ್ಟಿದರು, ಎಚ್.ಡಿ. ಕೋಟೆ ಕಡೆ. ಮುಂದೆ ಅದನ್ನು ನಡೆಸುವ ಹೊಣೆ ಬೇರೆಯವರಿಗೆ ದಾಟಿತು, ಸಂಸ್ಥೆ ಈಗಲೂ ಇದೆ. ಮಗನೂ ಅಲ್ಲದ, ಹೊರಗಿನವರೂ ಅಲ್ಲದ, ಒಳಗೇ ಬೆಳೆದವರು ಹೊಣೆ ಹೊರುವುದು ನಮ್ಮ ರಾಜ್ಯದಲ್ಲಿ ಆಗದ ಮಾತೇನಲ್ಲ.

ಬಡ್ಡಿಬಸವ
ಅವರಲ್ಲಿ ಡಾಕ್ಟರುಗಳೇ ಇದ್ದರು. ಇಲ್ಲಿ ಇರೋದು ಒಂದು ಓಮ್ನಿ.

ವರದಾತೀರ
ನಿನ್ನೆ ಸಂಜೆ ಮೀಟಿಂಗ್ ಆಯಿತು. ಎದ್ದು ಹೋಗಿದ್ದವರೂ ಬಂದಿದ್ದರು. ಪರ್ಸೆಂಟ್ ಮಾತು ತೆಗೆದುಹಾಕಿದೆವು. ಪೂರ್ತಿ ಎಂಟು ತಿಂಗಳಿಗೂ ಒಪ್ಪಿಲ್ಲ. ಮೊದಲು ಎರಡು ತಿಂಗಳು, 90 ಸಾವಿರ, ದಾನಿಗಳ ಪಟ್ಟಿ ಮತ್ತು ಯಾರಿಗೆ ಯಾವ ಅಧಿಕಾರ ಅನ್ನುವ ಕಾಗದ, ಇವೆರಡೇ ಕೆಲಸ. ಇನ್ನಿಬ್ಬರಿಂದಲೂ ಕೊಟೇಶನ್ ತರಿಸುತ್ತೇವೆ. ಸಂಯೋಜಕಿಯನ್ನು ಮೀಟಿಂಗಿಗೆ ಕರೆದಿದ್ದೆವು. ಬಂದವಳೇ "ಆಟೋಪೇ ನಾನು ಮಾಡ್ತೀನಿ, ಆದರೆ ವ್ಯಾನಿನ ಇನ್ಶೂರೆನ್ಸ್ ಮುಗಿದು ಹದಿನೈದು ದಿನ ಆಯ್ತು, ಅದನ್ನು ಯಾರು ಕಟ್ತೀರಿ" ಅಂತ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ.

ಒಂದು ಪ್ರಶ್ನೆ: ಅವಳಿಗೆ 25 ಸಾವಿರದವರೆಗೆ ಚೆಕ್ ಸಹಿ ಕೊಡಬೇಕು ಅಂತಿದ್ದೇವೆ. ಅವಳು ಟ್ರಸ್ಟಿ ಅಲ್ಲ. ಆಗುತ್ತಾ?

ಗುಡ್ಡದಹೂ
ಇನ್ಶೂರೆನ್ಸ್ ಇವತ್ತೇ ಕಟ್ಟಿಸಿ. ಅಲ್ಲಿವರೆಗೆ ವ್ಯಾನು ಹೊರಗೆ ತೆಗೀಬೇಡಿ.

ಲೆಕ್ಕದಹುಳ
ಟ್ರಸ್ಟ್ ಡೀಡ್ ತೆಗೆದು ಬ್ಯಾಂಕ್ ವ್ಯವಹಾರದ ಕಲಂ ಓದಿ. "ಟ್ರಸ್ಟಿಗಳು ಅಥವಾ ಅವರು ಅಧಿಕಾರ ಕೊಟ್ಟವರು" ಅಂತಿದ್ದರೆ ಒಂದು ಠರಾವು, ಅವಳ ಕೆವೈಸಿ, ಬ್ಯಾಂಕಿನ ಅರ್ಜಿ, ಅಷ್ಟು ಸಾಕು. ಮ್ಯಾನೇಜಿಂಗ್ ಟ್ರಸ್ಟಿ ಒಬ್ಬರೇ ಅಂತಿದ್ದರೆ ಮೊದಲು ಡೀಡ್ ತಿದ್ದುಪಡಿ ಆಗಬೇಕು, ಅದನ್ನು ವಕೀಲರಿಗೆ ತೋರಿಸಿ. ಹಳೆಯ ಡೀಡ್‌ಗಳಲ್ಲಿ ತಿದ್ದುಪಡಿಗೇ ಅವಕಾಶ ಇಟ್ಟಿರುವುದಿಲ್ಲ, ಅದನ್ನೂ ನೋಡಿ. 25 ಸಾವಿರ ಒಂದು ಚೆಕ್‌ಗಾ, ತಿಂಗಳಿಗಾ ಅಂತ ಠರಾವಿನಲ್ಲಿ ಸ್ಪಷ್ಟವಾಗಿ ಬರೆಯಿರಿ.

ಹೊಸಬೆಳಕು
ಈಗಷ್ಟೇ ಸೇರಿದೆ, ಎಲ್ಲ ಓದಿದೆ. ನಮ್ಮದು ಟ್ರಸ್ಟ್ ಅಲ್ಲ, ಸೊಸೈಟಿ. ನಾಲ್ಕು ವರ್ಷದಿಂದ ರಿಜಿಸ್ಟ್ರಾರ್‌ಗೆ ಪಟ್ಟಿ, ಲೆಕ್ಕಪತ್ರ ಏನೂ ಕೊಟ್ಟಿಲ್ಲ. ಈಗ ಸಿಎಸ್‌ಆರ್ ಸಿಗುತ್ತಾ?

ಲೆಕ್ಕದಹುಳ
ಅಯ್ಯೋ. ಬೇರೆ ಎಳೆ ತೆಗೆಯಿರಿ, ಅಲ್ಲಿಗೆ ಬರುತ್ತೇನೆ.